ಬ್ಯಾಟರಿ ಯಂತ್ರ ಕೊಳ್ಳುವ ಮುನ್ನ ಬ್ಯಾಟರಿಯನ್ನು ಆರಿಸಿ

ವಿಜಯಪುರ: ಜಿಲ್ಲೆಯ ದ್ರಾಕ್ಷಿ ತೋಟಗಳಲ್ಲಿ ವರ್ಷಕ್ಕೆ ಎರಡು ಬಾರಿ ಕತ್ತರಿಗೆ ಬಿಡುವಿರುವುದಿಲ್ಲ. ಏಪ್ರಿಲ್ ಆಸುಪಾಸಿನಲ್ಲಿ ಒಮ್ಮೆ, ಅಕ್ಟೋಬರ್ ಆಸುಪಾಸಿನಲ್ಲಿ ಮತ್ತೊಮ್ಮೆ. ಕೃಷಿ ಪುಸ್ತಕಗಳಲ್ಲಿ ಸವರುವಿಕೆ ಎನಿಸಿಕೊಂಡು ಬೆಳೆಗಾರರ ಬಾಯಲ್ಲಿ ಚಾಟ್ನಿಯಾಗಿರುವ ಈ ಕೆಲಸಕ್ಕೆ ಈಗ ಕೈಕತ್ತರಿಯ ಜೊತೆಗೆ ಬ್ಯಾಟರಿ ಕತ್ತರಿಯೂ ಮಾರುಕಟ್ಟೆಗೆ ಬಂದಿದೆ. ಇತ್ತ ನಗರದಲ್ಲಿ ಬಡಗಿ, ವಿದ್ಯುತ್ ಕೆಲಸಗಾರ, ಎ.ಸಿ. ಕೂರಿಸುವವರು, ಚಾವಣಿಯ ಮೇಲೆ ಸೌರಫಲಕ ಜೋಡಿಸುವವರು ಮುಂತಾದವರ ಚೀಲಗಳಲ್ಲಿ ತಂತಿಯಿಲ್ಲದ ಡ್ರಿಲ್ ಯಂತ್ರ ಸಾಮಾನ್ಯ ವಸ್ತುವಾಗಿದೆ. ಮನೆಬಳಕೆಗೆಂದು ಕೊಳ್ಳುವವರ ಸಂಖ್ಯೆಯೂ ಕಡಿಮೆಯಿಲ್ಲ.

ಕೊಳ್ಳುವವರು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಯಾವ ಮಷಿನ್ ಒಳ್ಳೆಯದು? ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಮಷಿನ್‌ಗೆ ಹೊಂದುವ ಬ್ಯಾಟರಿ ಇನ್ನು ಐದು ವರ್ಷದ ನಂತರವೂ ವಿಜಯಪುರದಲ್ಲಿ ದೊರೆಯುವುದೇ? ಅದೇ ಬ್ಯಾಟರಿ ನಾಳೆ ಕೊಳ್ಳಲಿರುವ ಮತ್ತೊಂದು ಯಂತ್ರಕ್ಕೂ ಕೂಡುವುದೇ? ಈ ಎರಡಕ್ಕೆ ಉತ್ತರ ಸಿಗದೆ ಕೊಂಡ ಯಂತ್ರ, ಎಷ್ಟೇ ಒಳ್ಳೆಯದಿರಲಿ, ಬ್ಯಾಟರಿ ಸತ್ತ ದಿನ ಮೂಲೆ ಸೇರುತ್ತದೆ.

ಮೊದಲು ಸಾಯುವುದು ಬ್ಯಾಟರಿ

ತಂತಿಯ ಯಂತ್ರದಲ್ಲಿ ಸವೆಯುವ ಭಾಗಗಳೆಂದರೆ ಕಾರ್ಬನ್, ಬೇರಿಂಗ್, ಸ್ವಿಚ್ಚು. ಇವೆಲ್ಲ ಸ್ಥಳೀಯವಾಗಿಯೇ ಸಿಗುತ್ತವೆ. ಮೋಟಾರ್ ಸುಟ್ಟರೆ ವೈಂಡಿಂಗ್ ಮಾಡುವವರೂ ಊರಲ್ಲಿದ್ದಾರೆ. ಬ್ಯಾಟರಿ ಯಂತ್ರದ ಸ್ಥಿತಿ ಹಾಗಲ್ಲ. ಯಂತ್ರ ಗಟ್ಟಿಯಾಗಿಯೇ ಉಳಿದಿರುತ್ತದೆ. ಅದರೊಳಗಿನ ಲಿಥಿಯಂ ಅಯಾನ್ ಬ್ಯಾಟರಿ ಮಾತ್ರ ಕೆಲವು ನೂರು ಬಾರಿ ಚಾರ್ಜ್ ಆಗುವಷ್ಟರಲ್ಲಿ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಬಳಸದೆ ಇಟ್ಟರೂ ಅದು ಮುಪ್ಪಾಗುತ್ತದೆ. ಬಿಸಿಲಲ್ಲಿ ಇಟ್ಟರೆ ಇನ್ನೂ ಬೇಗ.

ಬೆಲೆಯ ಲೆಕ್ಕವನ್ನು ಅಂಗಡಿಯಲ್ಲಿ ನಿಂತಲ್ಲಿಯೇ ಮಾಡಬಹುದು. ಒಂದೇ ಮಾದರಿಯ ಯಂತ್ರವನ್ನು ಕಂಪನಿಗಳು ಎರಡು ರೀತಿ ಮಾರುತ್ತವೆ. ಪೆಟ್ಟಿಗೆ, ಚಾರ್ಜರ್ ಹಾಗೂ ಬ್ಯಾಟರಿ ಸಹಿತ ಒಂದು; ಬರೀ ಯಂತ್ರ ಇನ್ನೊಂದು. ಎರಡರ ಬೆಲೆ ಕೇಳಿ ಕಳೆದರೆ ಉಳಿಯುವುದೇ ಬ್ಯಾಟರಿ, ಚಾರ್ಜರ್‌ಗಳ ಪಾಲು. ಆ ಪಾಲು ಎಷ್ಟು ದೊಡ್ಡದೆಂಬುದು ಮೊದಲ ಬಾರಿ ಲೆಕ್ಕ ಹಾಕಿದವರಿಗೆ ಅಚ್ಚರಿ ತರುವಂಥದ್ದು. ಮೊದಲ ಯಂತ್ರಕ್ಕೆ ಈ ಖರ್ಚು ತಪ್ಪದು. ಎರಡನೆಯ, ಮೂರನೆಯ ಯಂತ್ರವನ್ನು ಅದೇ ಬ್ಯಾಟರಿಗೆ ಹೊಂದುವಂತೆ ಕೊಂಡರೆ ಬರೀ ಯಂತ್ರದ ಹಣ ಸಾಕು. ಡ್ರಿಲ್ ಒಂದು ಕಂಪನಿಯದು, ಗ್ರೈಂಡರ್ ಮತ್ತೊಂದರದು, ಕತ್ತರಿ ಮೂರನೆಯದರದು ಎಂದಾದರೆ ಮೂರು ಬಗೆಯ ಬ್ಯಾಟರಿ, ಮೂರು ಚಾರ್ಜರ್, ಜೊತೆಗೆ ಮೂರು ತಲೆನೋವು.

ಬರೀ ಯಂತ್ರದ ಗುರುತು ತಿಳಿದಿರುವುದು ಅಗತ್ಯ. ಬಾಷ್ ಕಂಪನಿ ಇದನ್ನು 'ಸೋಲೊ' ಎಂದು ಕರೆಯುತ್ತದೆ. ಮಕಿತಾ ಮಾದರಿ ಸಂಖ್ಯೆಯ ಕೊನೆಯಲ್ಲಿ 'ಝಡ್' ಅಕ್ಷರ ಇರುತ್ತದೆ. ಅಂತರ್ಜಾಲದಲ್ಲಿ ಅಗ್ಗವೆಂದು ತರಿಸಿಕೊಂಡು, ಪೆಟ್ಟಿಗೆ ಬಿಚ್ಚಿದಾಗ ಬ್ಯಾಟರಿಯೇ ಇಲ್ಲವೆಂದು ಪೇಚಾಡುವವರು ಈ ಗುರುತನ್ನು ಗಮನಿಸಿರುವುದಿಲ್ಲ.

ಕುಟುಂಬದ ಒಳಗೆ, ಹೊರಗೆ

ಒಂದೇ ಬ್ಯಾಟರಿಯಿಂದ ನಡೆಯುವ ಯಂತ್ರಗಳ ಗುಂಪನ್ನು ವ್ಯಾಪಾರಿಗಳು ಪ್ಲಾಟ್‌ಫಾರ್ಮ್ ಎನ್ನುತ್ತಾರೆ. ಕನ್ನಡದಲ್ಲಿ ಬ್ಯಾಟರಿ ಕುಟುಂಬ ಎಂದರೆ ಅರ್ಥ ಸ್ಪಷ್ಟವಾಗುತ್ತದೆ. ಒಂದು ಕುಟುಂಬದ ಬ್ಯಾಟರಿ ಮತ್ತೊಂದು ಕುಟುಂಬದ ಯಂತ್ರದೊಳಗೆ ಕೂರುವುದಿಲ್ಲ. ಕೂರಬಾರದೆಂದೇ ಜಾಡುಗಳನ್ನೂ ತುದಿಗಳನ್ನೂ ಬೇರೆ ಬೇರೆಯಾಗಿ ರೂಪಿಸಲಾಗಿರುತ್ತದೆ.

ಈ ಯಂತ್ರಗಳ ಇತಿಹಾಸ ಬಹಳ ಹಳೆಯದಲ್ಲ. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1961ರಲ್ಲಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ತಂತಿರಹಿತ ಡ್ರಿಲ್ ಹೊರತಂದಿತು. 1971ರ ಅಪೋಲೊ 15 ಯಾತ್ರೆಯಲ್ಲಿ ಚಂದ್ರನ ನೆಲ ಕೊರೆಯಲು ಬಳಸಿದ ಡ್ರಿಲ್‌ನ ತಯಾರಿಕೆಯಲ್ಲಿಯೂ ಈ ಕಂಪನಿ ಕೈಜೋಡಿಸಿತ್ತು. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತಾದರೂ ಅದು ಡ್ರಿಲ್‌ಗಳಿಗೆ ಇಳಿದುಬಂದದ್ದು 2005ರ ಸುಮಾರಿಗೆ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕೆಂಬ ಹಳಬರ ಸಲಹೆ ನಿಕಲ್ ಕ್ಯಾಡ್ಮಿಯಂ ಕಾಲದ್ದು. ಇಂದಿನ ಬ್ಯಾಟರಿಗೆ ಆ ಸಲಹೆ ಹಾನಿಕರ.

ಕುಟುಂಬಗಳ ಆಯುಸ್ಸೂ ಒಂದೇ ತೆರನಾಗಿಲ್ಲ. ಬಾಷ್ ಕಂಪನಿಯ ನೀಲಿ ಬಣ್ಣದ ವೃತ್ತಿಪರ 18 ವೋಲ್ಟ್ ಸಾಲು 2008ರಿಂದ ಒಂದೇ ಬಗೆಯ ಬ್ಯಾಟರಿಯನ್ನು ಉಳಿಸಿಕೊಂಡು ಬಂದಿದೆ. ಮಕಿತಾ ಕಂಪನಿಯ 18 ವೋಲ್ಟ್ ಸಾಲು ಅದಕ್ಕಿಂತಲೂ ಹಳೆಯದು. ಡಿವಾಲ್ಟ್ 2011ರಲ್ಲಿ ಹೊಸ ಸಾಲು ಆರಂಭಿಸಿದಾಗ ಅದರ ಹಳೆಯ 18 ವೋಲ್ಟ್ ಬ್ಯಾಟರಿಗಳು ಹೊಸ ಯಂತ್ರಗಳಿಗೆ ಕೂಡದಾದವು. ಅಂದರೆ ದೊಡ್ಡ ಹೆಸರಿದ್ದ ಮಾತ್ರಕ್ಕೆ ಸಾಲು ಶಾಶ್ವತವೆಂದು ತಿಳಿಯುವಂತಿಲ್ಲ. ಆದರೆ ದೊಡ್ಡ ಸಾಲನ್ನು ನಿಲ್ಲಿಸುವಾಗ ಕಂಪನಿ ಹಲವು ವರ್ಷ ಹಳೆಯ ಬ್ಯಾಟರಿಯನ್ನು ಪೂರೈಸುವುದು ವಾಡಿಕೆ. ಹೆಸರು ಕೇಳಿರದ, ಆಮದು ಮಾಡಿ ಅಂಟುಚೀಟಿ ಹಚ್ಚಿದ ಸರಕಿಗೆ ಆ ಭರವಸೆ ಇಲ್ಲ. ಅದೇ ಆಮದುದಾರ ಮುಂದಿನ ಹಂಗಾಮಿನಲ್ಲಿ ಬೇರೆ ಕಾರ್ಖಾನೆಯ ಮಾಲು ತಂದರೆ ಹಳೆಯ ಗ್ರಾಹಕನ ಪಾಡು ಕೇಳುವವರಿಲ್ಲ.

ಒಂದೇ ಕಂಪನಿಯ ಒಳಗೂ ಗೊಂದಲವಿದೆ. ಬಹುಪಾಲು ಗ್ರಾಹಕರು ಎಡವುವುದು ಇಲ್ಲಿಯೇ. ಬಾಷ್‌ನ ಹಸಿರು ಬಣ್ಣದ ಮನೆಬಳಕೆಯ ಯಂತ್ರವೂ 18 ವೋಲ್ಟ್, ನೀಲಿ ಬಣ್ಣದ ವೃತ್ತಿಪರ ಯಂತ್ರವೂ 18 ವೋಲ್ಟ್. ಇದರ ಬ್ಯಾಟರಿ ಅದಕ್ಕೆ ಆಗದು. ಡಿವಾಲ್ಟ್, ಸ್ಟ್ಯಾನ್ಲಿ, ಬ್ಲ್ಯಾಕ್ ಅಂಡ್ ಡೆಕರ್ ಮೂರೂ ಒಂದೇ ಒಡೆತನದವು; ಬ್ಯಾಟರಿಗಳು ಮಾತ್ರ ಬೇರೆ ಬೇರೆ. ಮಕಿತಾ 2019ರಲ್ಲಿ ಹೊರತಂದ 40 ವೋಲ್ಟ್ ಸಾಲಿನ ಯಂತ್ರಕ್ಕೆ ಅದರ 18 ವೋಲ್ಟ್ ಬ್ಯಾಟರಿ ಹೊಂದುವುದಿಲ್ಲ. ಹೊಸ ಚಾರ್ಜರ್‌ನಲ್ಲಿ ಹಳೆಯ ಬ್ಯಾಟರಿಯನ್ನು ಚಾರ್ಜ್ ಮಾಡಲು ಅಡಾಪ್ಟರ್ ಇದೆ, ಅಷ್ಟೆ. ಡಿವಾಲ್ಟ್ 2016ರಲ್ಲಿ ತಂದ ಫ್ಲೆಕ್ಸ್‌ವೋಲ್ಟ್ ಬ್ಯಾಟರಿ ಇದಕ್ಕೆ ಅಪವಾದ. ಹೆಚ್ಚಿನ ವೋಲ್ಟಿನ ಆ ಬ್ಯಾಟರಿ 20 ವೋಲ್ಟ್‌ನ ಯಂತ್ರದಲ್ಲಿಯೂ ನಡೆಯುತ್ತದೆ. 20 ವೋಲ್ಟ್‌ನ ಬ್ಯಾಟರಿ ದೊಡ್ಡ ಯಂತ್ರದಲ್ಲಿ ನಡೆಯದು.

ಹಲವು ಕಂಪನಿಗಳು ಸೇರಿ ಒಂದೇ ಬ್ಯಾಟರಿ ಬಳಸುವ ಒಕ್ಕೂಟಗಳೂ ಇವೆ. ಜರ್ಮನಿಯ ಮೆಟಾಬೊ ಕಂಪನಿ ಮುಂದಾಳಾಗಿ 2018ರಲ್ಲಿ ಆರಂಭವಾದ ಒಕ್ಕೂಟ ಅಂಥದ್ದು. ಬಾಷ್ ತನ್ನ ನೀಲಿ ಸಾಲಿಗೂ ಹಸಿರು ಸಾಲಿಗೂ ಪ್ರತ್ಯೇಕ ಒಕ್ಕೂಟ ಕಟ್ಟಿಕೊಂಡಿದೆ. ಜಿಲ್ಲಾ ಕೇಂದ್ರದ ಗ್ರಾಹಕನಿಗೆ ಇವುಗಳಿಂದ ಆಗುವ ಲಾಭ ಸದ್ಯಕ್ಕೆ ಅಲ್ಪ. ಒಕ್ಕೂಟದ ಸದಸ್ಯ ಕಂಪನಿಗಳಲ್ಲಿ ಹೆಚ್ಚಿನವುಗಳ ಹೆಸರನ್ನೇ ಇಲ್ಲಿನವರು ಕೇಳಿರುವುದಿಲ್ಲ. ಮೊಬೈಲ್ ಚಾರ್ಜರ್‌ಗಳಿಗೆ ಟೈಪ್ ಸಿ ತುದಿಯನ್ನು ಐರೋಪ್ಯ ಒಕ್ಕೂಟ 2024ರ ಕೊನೆಯಲ್ಲಿ ಕಡ್ಡಾಯ ಮಾಡಿತು. ಯಂತ್ರೋಪಕರಣಗಳ ಬ್ಯಾಟರಿಗೆ ಅಂಥ ನಿಯಮ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಕಂಪನಿಗಳಿಗೆ ಅದು ಬೇಕಾಗಿಯೂ ಇಲ್ಲವೆನ್ನಬಹುದು. ಒಮ್ಮೆ ಬ್ಯಾಟರಿ ಕೊಂಡವನು ಬೇರೆಡೆ ಹೋಗಲಾರ.

ವೋಲ್ಟಿನ ಮಾಯೆ

ಒಂದು ಅಂಗಡಿಯಲ್ಲಿ 18 ವೋಲ್ಟ್, ಪಕ್ಕದಲ್ಲಿ 20 ವೋಲ್ಟ್, ಅಂತರ್ಜಾಲದಲ್ಲಿ 21 ವೋಲ್ಟ್. ಸಂಖ್ಯೆ ಏರಿದಂತೆ ಶಕ್ತಿಯೂ ಏರುವುದೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಮೂರೂ ಒಂದೇ. ಲಿಥಿಯಂ ಅಯಾನ್ ಬ್ಯಾಟರಿಯ ಒಂದು ಸೆಲ್ಲಿನ ಸಾಧಾರಣ ಒತ್ತಡ 3.6 ವೋಲ್ಟ್, ಪೂರ್ತಿ ತುಂಬಿದಾಗ 4.2 ವೋಲ್ಟ್. ಐದು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಸಾಧಾರಣ ಲೆಕ್ಕದಲ್ಲಿ 18, ತುಂಬಿದ ಲೆಕ್ಕದಲ್ಲಿ 21. ನಡುವಿನ 20 ಎಂಬುದು ಮಾರಾಟಕ್ಕೆ ಅನುಕೂಲವಾದ ಪೂರ್ಣ ಸಂಖ್ಯೆ. 10.8 ಮತ್ತು 12 ವೋಲ್ಟ್‌ಗಳ ಸಂಬಂಧವೂ ಇದೇ. ಅಲ್ಲಿ ಸೆಲ್ಲುಗಳು ಮೂರು. 36 ಮತ್ತು 40ರಲ್ಲಿ ಹತ್ತು.

ಅಗ್ಗದ ಆಮದು ಯಂತ್ರಗಳ ಮೇಲೆ 48, 88, 128 ಎಂಬ ಅಂಕಿಗಳ ಮುಂದೆ 'ವಿಎಫ್' ಎಂಬ ಅಕ್ಷರ ಕಾಣುತ್ತದೆ. ಅದು ವೋಲ್ಟ್ ಅಲ್ಲ. ಒಳಗಿರುವುದು ಬಹುಮಟ್ಟಿಗೆ ಅದೇ ಐದು ಸೆಲ್ಲುಗಳ ಸಾಲು. ಗ್ರಾಹಕನ ಕಣ್ಣಿಗೆ ವೋಲ್ಟಿನಂತೆ ತೋರಲೆಂದೇ ಇಟ್ಟ ಅಂಕಿ ಅದು. ಇಂಥ ಬರಹ ಕಂಡ ಯಂತ್ರವನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಬ್ಯಾಟರಿಯ ನಿಜವಾದ ಸಾಮರ್ಥ್ಯ ತಿಳಿಯಲು ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಬೇಕು. ಬರುವ ಉತ್ತರ ವ್ಯಾಟ್ ಅವರ್. 18 ವೋಲ್ಟ್‌ನ 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 36 ವ್ಯಾಟ್ ಅವರ್, 5 ಆಂಪಿಯರ್ ಅವರ್‌ನದರಲ್ಲಿ 90. ಸ್ಕ್ರೂ ಬಿಗಿಯುವ ಕೆಲಸಕ್ಕೆ ಮೊದಲನೆಯದು ಸಾಕು, ಹಗುರವೂ ಹೌದು. ಗ್ರೈಂಡರ್‌ಗೆ ಎರಡನೆಯದೂ ಹೆಚ್ಚು ಹೊತ್ತು ಬರುವುದಿಲ್ಲ. ಕಬ್ಬಿಣ ಕತ್ತರಿಸುವಾಗ ಯಂತ್ರ 450 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ 90 ವ್ಯಾಟ್ ಅವರ್ ಬ್ಯಾಟರಿ 12 ನಿಮಿಷದಲ್ಲಿ ಖಾಲಿ. ದಿನವಿಡೀ ಗೇಟು, ಗ್ರಿಲ್ ಕತ್ತರಿಸುವ ಫ್ಯಾಬ್ರಿಕೇಶನ್ ಅಂಗಡಿಯವರಿಗೆ ತಂತಿಯ ಗ್ರೈಂಡರ್ ಇಂದಿಗೂ ಸರಿಯಾದ ಆಯ್ಕೆ. ತೋಟದ ನಡುವೆ ಚಪ್ಪರದ ಒಂದು ಆಂಗಲ್ ಮುರಿದಾಗ, ಒಣದ್ರಾಕ್ಷಿ ಶೆಡ್ಡಿನ ಒಂದು ಕಂಬಿ ಬಿಟ್ಟಾಗ ಮಾತ್ರ ಬ್ಯಾಟರಿ ಗ್ರೈಂಡರ್‌ನ ಬೆಲೆ ತಿಳಿಯುತ್ತದೆ.

ಚಾಟ್ನಿ ಮತ್ತು ಏಪ್ರಿಲ್ ಬಿಸಿಲು

ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ವಿಜಯಪುರ. ನಗರದಿಂದ ಅಥಣಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರದ ತಿಕೋಟಾ ಹಾಗೂ ಜಮಖಂಡಿ ಮಾರ್ಗದ ಬಬಲೇಶ್ವರ, ಎರಡೂ ಹಳೆಯ ವಿಜಯಪುರ ತಾಲ್ಲೂಕಿನಿಂದ ಬೇರ್ಪಟ್ಟ ಹೊಸ ತಾಲ್ಲೂಕುಗಳು. ಥಾಮ್ಸನ್ ಸೀಡ್‌ಲೆಸ್, ಮಾಣಿಕ್ ಚಮನ್, ಸೋನಾಕಾ ತಳಿಗಳ ತೋಟಗಳು, ಅವುಗಳ ಮಗ್ಗುಲಲ್ಲಿ ಹಸಿರು ಪರದೆ ಇಳಿಬಿಟ್ಟ ಒಣದ್ರಾಕ್ಷಿ ಶೆಡ್ಡುಗಳು ಈ ಭಾಗದ ಗುರುತು.

ಏಪ್ರಿಲ್ ಚಾಟ್ನಿಯಲ್ಲಿ ಫಸಲು ಕೊಟ್ಟ ಕಡ್ಡಿಗಳನ್ನು ಬುಡದ ಒಂದೆರಡು ಕಣ್ಣು ಉಳಿಸಿ ಕತ್ತರಿಸಲಾಗುತ್ತದೆ. ಅಕ್ಟೋಬರ್ ಚಾಟ್ನಿಯಲ್ಲಿ ಕಾಯಿ ಬಿಡುವ ಕಣ್ಣು ನೋಡಿ ಕಡ್ಡಿಯ ತುದಿ ತೆಗೆಯಲಾಗುತ್ತದೆ. ಮೊದಲನೆಯದರಲ್ಲಿ ಕಡ್ಡಿ ಬಲಿತಿರುತ್ತದೆ, ಕೈಗೆ ಶ್ರಮ ಹೆಚ್ಚು. ಬ್ಯಾಟರಿ ಕತ್ತರಿಯ ಉಪಯೋಗವೂ ಇಲ್ಲಿಯೇ ಹೆಚ್ಚು. ದಿನಕ್ಕೆ ಸಾವಿರಾರು ಬಾರಿ ಮುಷ್ಟಿ ಬಿಗಿಯುವ ಬದಲು ಒಂದು ಬೆರಳಿನಿಂದ ಗುಂಡಿ ಒತ್ತಿದರಾಯಿತು.

ತೊಡಕಿರುವುದು ಹವೆಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತಲ್ಲ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ ಸೂಚಿಸುವ ಮೇಲಿನ ಮಿತಿ 45 ಡಿಗ್ರಿ. ಕೆಲಸ ಮುಗಿದು ಕೈಗೆ ಬಿಸಿಯಾಗಿ ಬಂದ ಬ್ಯಾಟರಿ ನೆರಳಿನಲ್ಲಿಯೂ ಈ ಮಿತಿಯನ್ನು ಮೀರಿರಬಹುದು. ಒಳ್ಳೆಯ ಚಾರ್ಜರ್ ಅದನ್ನು ಅರಿತು, ಬ್ಯಾಟರಿ ತಣಿಯುವ ತನಕ ಕಾಯುತ್ತದೆ. ಅದನ್ನು ಚಾರ್ಜರ್ ಕೆಟ್ಟಿತೆಂದು ತಿಳಿಯುವವರುಂಟು. ಅಗ್ಗದ ಚಾರ್ಜರ್‌ಗೆ ಈ ವಿವೇಚನೆ ಇರುವುದಿಲ್ಲ. ಬಿಸಿ ಬ್ಯಾಟರಿಗೂ ಕರೆಂಟು ತುಂಬುತ್ತಲೇ ಹೋಗುತ್ತದೆ. ತಗಡಿನ ಶೆಡ್ಡಿನಲ್ಲಿ, ಟ್ರ್ಯಾಕ್ಟರ್ ಸೀಟಿನ ಕೆಳಗೆ, ನಿಲ್ಲಿಸಿದ ಜೀಪಿನೊಳಗೆ ಬ್ಯಾಟರಿ ಇಡುವ ಅಭ್ಯಾಸ ಅದರ ಆಯುಸ್ಸನ್ನು ತಿನ್ನುತ್ತದೆ. ತೋಟದಲ್ಲಿ ನೀರಿನ ಕೊಡ ಇಡುವ ನೆರಳಿನ ಜಾಗವೇ ಬ್ಯಾಟರಿಗೂ ತಕ್ಕದ್ದು. ಕೊಡದೊಳಗಲ್ಲ, ಪಕ್ಕದಲ್ಲಿ.

ಎರಡು ಚಾಟ್ನಿಗಳ ನಡುವೆ ಕತ್ತರಿಗೆ ಐದಾರು ತಿಂಗಳ ರಜೆ. ಪೂರ್ತಿ ತುಂಬಿಸಿ ಅಥವಾ ಪೂರ್ತಿ ಖಾಲಿ ಮಾಡಿ ಇಟ್ಟರೆ ಬ್ಯಾಟರಿ ಕೆಡುತ್ತದೆ. ಅರ್ಧದಷ್ಟು ಚಾರ್ಜ್ ಉಳಿಸಿ, ಯಂತ್ರದಿಂದ ಬಿಡಿಸಿ, ಮನೆಯ ತಂಪಾದ ಕೋಣೆಯಲ್ಲಿ ಇಡುವುದು ಕ್ರಮ. ಔಷಧ ಸಿಂಪಡಿಸುವ ಬೆನ್ನುಪಂಪಿನ ಬ್ಯಾಟರಿಗೆ ಇದರ ವಿರುದ್ಧ ನಿಯಮ. ಅದರಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ ಸೀಸದ ಬ್ಯಾಟರಿ. ಅದನ್ನು ಯಾವಾಗಲೂ ಪೂರ್ತಿ ತುಂಬಿಸಿಯೇ ಇಡಬೇಕು. ಒಂದೇ ಮನೆಯಲ್ಲಿ ಎರಡೂ ಇರುವಾಗ ಈ ವ್ಯತ್ಯಾಸ ತಿಳಿಯದೆ ಎರಡನ್ನೂ ಕೆಡಿಸಿಕೊಳ್ಳುವುದು ಸಾಮಾನ್ಯ. ಅಂದಹಾಗೆ, 12 ವೋಲ್ಟ್ 8 ಆಂಪಿಯರ್ ಅವರ್‌ನ ಆ ಸೀಸದ ಬ್ಯಾಟರಿಯಲ್ಲಿ ಲೆಕ್ಕಕ್ಕೆ ಇರುವುದು 96 ವ್ಯಾಟ್ ಅವರ್, ತೂಕ ಎರಡು ಕೆ.ಜಿ.ಗೂ ಮಿಗಿಲು. ಹೆಚ್ಚುಕಡಿಮೆ ಅಷ್ಟೇ ಶಕ್ತಿಯ 18 ವೋಲ್ಟಿನ ಲಿಥಿಯಂ ಬ್ಯಾಟರಿಯ ತೂಕ ಸುಮಾರು 600 ಗ್ರಾಂ. ಡ್ರಿಲ್‌ನ ಬ್ಯಾಟರಿಯಿಂದಲೇ ನಡೆಯುವ ಸಿಂಪಡಣೆ ಪಂಪನ್ನು ಕೆಲವು ದೊಡ್ಡ ಕಂಪನಿಗಳು ತಯಾರಿಸುತ್ತಿವೆಯಾದರೂ ಸಣ್ಣ ರೈತನಿಗೆ ಅದರ ಬೆಲೆ ಭಾರ.

ಬ್ಯಾಟರಿ ಕತ್ತರಿಯನ್ನು ಆರಿಸುವಾಗ ಕುಟುಂಬದ ಪ್ರಶ್ನೆ ಮತ್ತೆ ಎದುರಾಗುತ್ತದೆ. ಮಾರುಕಟ್ಟೆಯಲ್ಲಿ ಎರಡು ಬಗೆಯ ಕತ್ತರಿಗಳಿವೆ. ಹಿಡಿಕೆಯಲ್ಲಿಯೇ ತನ್ನದೇ ಆಕಾರದ ಪುಟ್ಟ ಬ್ಯಾಟರಿ ಹೊಂದಿರುವವು ಒಂದು ಬಗೆ. ಇವು ಹಗುರ, ಕೈಗೆ ಹಿತ. ಆದರೆ ಆ ಬ್ಯಾಟರಿ ಬೇರೆಲ್ಲಿಯೂ ಸಿಗದು. ಡ್ರಿಲ್‌ನ ಜಾರುಬ್ಯಾಟರಿಯನ್ನು ಕೂರಿಸುವಂಥವು ಇನ್ನೊಂದು. ಚೀನಾದ ಹಲವು ಕತ್ತರಿಗಳು ಮಕಿತಾ ಮಾದರಿಯ ಜಾಡನ್ನು ಬಳಸುತ್ತವೆ. ತೂಕ ಸ್ವಲ್ಪ ಹೆಚ್ಚಾದರೂ ಚಾಟ್ನಿ ಮುಗಿದ ಮೇಲೆ ಅದೇ ಬ್ಯಾಟರಿ ಡ್ರಿಲ್‌ಗೆ, ದೀಪಕ್ಕೆ ಬರುತ್ತದೆ. ನಾಲ್ಕಾರು ಎಕರೆಯ ಬೆಳೆಗಾರ ವರ್ಷದಲ್ಲಿ ಕೆಲವೇ ವಾರ ಕತ್ತರಿ ಹಿಡಿಯುವುದರಿಂದ ಎರಡನೆಯ ಬಗೆಯೇ ಲಾಭದಾಯಕ. ತೋಟದಿಂದ ತೋಟಕ್ಕೆ ಹೋಗಿ ಗುತ್ತಿಗೆಯ ಮೇಲೆ ಚಾಟ್ನಿ ಮಾಡುವ ತಂಡಗಳಿಗೆ ಮಾತ್ರ ಹಗುರವಾದದ್ದು ಸೂಕ್ತ. ಅವರು ಆರಂಭದಲ್ಲಿಯೇ ಹೆಚ್ಚುವರಿ ಬ್ಯಾಟರಿಗಳನ್ನು ಕೊಂಡಿಟ್ಟುಕೊಳ್ಳಬೇಕು. ಯಾವುದೇ ಬಗೆಯಾದರೂ, ಬಲಿತ ಕಡ್ಡಿಯನ್ನು ಕತ್ತರಿಸುವ ಅಲಗು ಬೆರಳನ್ನೂ ಅಷ್ಟೇ ಸಲೀಸಾಗಿ ಕತ್ತರಿಸುತ್ತದೆ. ಕಡ್ಡಿ ಹಿಡಿಯುವ ಎಡಗೈ ಅಲಗಿನಿಂದ ದೂರವಿರಬೇಕು. ಕಡ್ಡಿ ಸಿಕ್ಕಿಕೊಂಡಾಗ ಮೊದಲು ಸ್ವಿಚ್ ಆರಿಸಬೇಕು.

ಚಾರ್ಜ್ ಮಾಡಲು ಬೇಕಾದ ವಿದ್ಯುತ್ ಅತ್ಯಲ್ಪ. 72 ವ್ಯಾಟ್ ಅವರ್‌ನ ಬ್ಯಾಟರಿ ತುಂಬಲು, ಸೋರಿಕೆ ಸೇರಿದರೂ, ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ ಸಾಕು. ಆದರೆ ಅದು ಬೇಕಾದ ಹೊತ್ತಿಗೆ ಇರಬೇಕಷ್ಟೆ. ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದ್ದರೂ ಕೃಷಿ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ವಿದ್ಯುತ್ ಬರುವುದು ಪಾಳಿಯ ಲೆಕ್ಕದಲ್ಲಿ. ತೋಟದ ಮನೆಯವರು ಒಂದು ದೊಡ್ಡ ಬ್ಯಾಟರಿಗಿಂತ ಎರಡು ಮಧ್ಯಮ ಬ್ಯಾಟರಿ ಇಟ್ಟುಕೊಳ್ಳುವುದು ಈ ಕಾರಣದಿಂದಲೂ ಒಳಿತು. ಒಂದು ದುಡಿಯುವಾಗ ಇನ್ನೊಂದು ತಣ್ಣಗಾಗಿ ತುಂಬಿಕೊಳ್ಳುತ್ತದೆ.

ನಗರದ ಗೋಡೆಗಳು

ವಿಜಯಪುರದ ಹಳೆಯ ಮನೆಗಳಲ್ಲಿ ಕರಿಕಲ್ಲಿನ ಗೋಡೆಗಳು ಇನ್ನೂ ಉಳಿದಿವೆ. ಗೋಳಗುಮ್ಮಟ ನಿಂತಿರುವುದೂ ಈ ಬಸಾಲ್ಟ್ ಕಲ್ಲಿನಿಂದಲೇ. ಇಂಥ ಗೋಡೆಗೆ ಒಂದು ಮೊಳೆ ಬಡಿಯುವುದೂ ಸುಲಭವಲ್ಲ. ಮನೆಬಳಕೆಯ ಬ್ಯಾಟರಿ ಡ್ರಿಲ್‌ನಲ್ಲಿ ಸುತ್ತಿಗೆಯ ಚಿಹ್ನೆ ಇದೆಯೆಂದು ನಂಬಿ ಹೊರಟವರು ಬಿಟ್ ಸುಟ್ಟುಕೊಂಡು ಮರಳುತ್ತಾರೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳಿಗೆ ಆ ಡ್ರಿಲ್ ಆದೀತು. ಕಲ್ಲಿಗೂ ಕಾಂಕ್ರೀಟ್ ತೊಲೆಗೂ ರೋಟರಿ ಹ್ಯಾಮರ್ ಎಂಬ ಬೇರೆ ಯಂತ್ರವೇ ಬೇಕು. 18 ವೋಲ್ಟಿನ ಕುಟುಂಬದಲ್ಲಿ ಇದು ಸಿಗುತ್ತದೆ. 12 ವೋಲ್ಟಿನವರಿಗೆ ಆಯ್ಕೆ ಕಡಿಮೆ.

ಕುಟುಂಬವನ್ನು ಆರಿಸುವಾಗ ಈ ಮುಂದಾಲೋಚನೆ ಇರಬೇಕು. ಪ್ಲೈವುಡ್ ಕಪಾಟು, ಅಡುಗೆಮನೆ ಜೋಡಣೆ ಮಾಡುವ ಬಡಗಿಗೆ 12 ವೋಲ್ಟಿನ ಡ್ರಿಲ್ ಕೈಗೆ ಹಗುರ, ಮೂಲೆಗೆ ನುಗ್ಗುತ್ತದೆ. ಅವರ ಮಟ್ಟಿಗೆ ಅದೇ ಸಾಕಾಗಬಹುದು. ವಿದ್ಯುತ್ ಕೆಲಸಗಾರರು, ಎ.ಸಿ. ಕೂರಿಸುವವರು 18 ವೋಲ್ಟಿನಿಂದಲೇ ಆರಂಭಿಸುವುದು ಮೇಲು. ಕೇಂದ್ರ ಸರ್ಕಾರದ ಪಿ.ಎಂ. ಸೂರ್ಯಘರ್ ಯೋಜನೆ 2024ರಲ್ಲಿ ಜಾರಿಗೆ ಬಂದಿದ್ದು, ಚಾವಣಿಯ ಮೇಲೆ ಚೌಕಟ್ಟು ಜೋಡಿಸುವಾಗ ನಟ್ಟು ಬೋಲ್ಟು ಬಿಗಿಯುವ ಇಂಪ್ಯಾಕ್ಟ್ ಯಂತ್ರಕ್ಕೂ ಇದೇ ಬ್ಯಾಟರಿ ಕೂಡುತ್ತದೆ. ವರ್ಷಕ್ಕೆ ನಾಲ್ಕು ಬಾರಿ ಪರದೆಯ ಕೊಳವೆ, ಗೋಡೆ ಗಡಿಯಾರ ಕೂರಿಸುವ ಮನೆಯವರಿಗೆ ಬ್ಯಾಟರಿ ಯಂತ್ರದ ಅಗತ್ಯವೇ ಇಲ್ಲವೆನ್ನಬೇಕು. ತಂತಿಯ ಡ್ರಿಲ್ ಹತ್ತು ವರ್ಷ ಕಪಾಟಿನಲ್ಲಿ ಮಲಗಿದ್ದರೂ ಎಬ್ಬಿಸಿದ ದಿನ ತಿರುಗುತ್ತದೆ.

ಬ್ರಷ್‌ಲೆಸ್ ಮೋಟಾರ್ ಎಂಬ ಪದವನ್ನು ಮಾರಾಟಗಾರರು ಒತ್ತಿ ಹೇಳುತ್ತಾರೆ. ಇದರಲ್ಲಿ ಸವೆಯುವ ಕಾರ್ಬನ್ ಇರುವುದಿಲ್ಲ, ಅದೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸ ಆಗುತ್ತದೆ, ನಿಜ. ಒಳಗಿನ ಎಲೆಕ್ಟ್ರಾನಿಕ್ ಫಲಕ ಕೆಟ್ಟರೆ ಮಾತ್ರ ಊರಿನ ಮೆಕ್ಯಾನಿಕ್ ಕೈಚೆಲ್ಲುತ್ತಾನೆ. ದಿನವೂ ದುಡಿಯುವ ಯಂತ್ರಕ್ಕೆ ಬ್ರಷ್‌ಲೆಸ್, ಅಪರೂಪಕ್ಕೆ ಬಳಸುವುದಕ್ಕೆ ಕಾರ್ಬನ್‌ನದು ಎಂಬ ವಿಂಗಡಣೆ ಜಿಲ್ಲಾ ಕೇಂದ್ರಗಳಿಗೆ ಹೊಂದುತ್ತದೆ.

ನಕಲಿ ಬ್ಯಾಟರಿಯ ಅಪಾಯ

ಅಸಲಿ ಬ್ಯಾಟರಿಯ ಬೆಲೆ ಕಂಡು ಬೆದರಿದವರು ನಕಲಿಯತ್ತ ಹೊರಳುವುದನ್ನು ತಪ್ಪೆನ್ನಲಾಗದು. ದುಡಿಮೆ ನಿಂತಿರುತ್ತದೆ, ಕೈಯಲ್ಲಿ ಹಣ ಇರುವುದಿಲ್ಲ. ಆದರೆ ಅದರೊಳಗೆ ಏನಿದೆ ಎಂಬುದು ಹೊರಗಿನಿಂದ ಕಾಣದು. ಐದು ಸೆಲ್ಲುಗಳಲ್ಲಿ ಒಂದು ದುರ್ಬಲವಾದರೂ ಉಳಿದವುಗಳ ಭಾರ ಅದರ ಮೇಲೆ ಬೀಳುತ್ತದೆ. ಸೆಲ್ಲುಗಳ ಒತ್ತಡ, ಶಾಖವನ್ನು ಗಮನಿಸುವ ಫಲಕ ಕಳಪೆಯಾಗಿದ್ದರೆ ಬ್ಯಾಟರಿ ಉಬ್ಬುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಒಣದ್ರಾಕ್ಷಿ ಶೆಡ್ಡಿನ ಪ್ಲಾಸ್ಟಿಕ್ ಪರದೆಗಳ ನಡುವೆ, ಬಡಗಿಯ ಹೊಟ್ಟಿನ ರಾಶಿಯ ಪಕ್ಕದಲ್ಲಿ, ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವ ರೂಢಿ ಇದ್ದಲ್ಲಿ ಇದು ಸಣ್ಣ ಮಾತಲ್ಲ. ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ, ಸುತ್ತ ಹತ್ತುವ ವಸ್ತು ಇಲ್ಲದಲ್ಲಿ, ಜನ ಎಚ್ಚರವಿರುವಾಗ ಚಾರ್ಜ್ ಮಾಡುವುದೇ ಕ್ಷೇಮ.

ಒಂದು ಕುಟುಂಬದ ಬ್ಯಾಟರಿಯನ್ನು ಮತ್ತೊಂದರ ಯಂತ್ರಕ್ಕೆ ಜೋಡಿಸುವ ಅಡಾಪ್ಟರ್‌ಗಳು ಅಂತರ್ಜಾಲದಲ್ಲಿ ಮಾರಾಟಕ್ಕಿವೆ. ನೋಡಲು ಇದೇ ಪರಿಹಾರವೆನಿಸುತ್ತದೆ. ಆದರೆ ಕೆಲವು ಕಂಪನಿಗಳಲ್ಲಿ ಬ್ಯಾಟರಿ ತೀರಾ ಖಾಲಿಯಾಗದಂತೆ ತಡೆಯುವ ವ್ಯವಸ್ಥೆ ಬ್ಯಾಟರಿಯೊಳಗಿದ್ದರೆ, ಕೆಲವದರಲ್ಲಿ ಯಂತ್ರದೊಳಗಿರುತ್ತದೆ. ಬ್ಯಾಟರಿಗೂ ಯಂತ್ರಕ್ಕೂ ನಡುವಿನ ಸಂಕೇತದ ತುದಿಗಳನ್ನು ಅಡಾಪ್ಟರ್ ಜೋಡಿಸುವುದಿಲ್ಲ. ಕಾವಲು ಇಬ್ಬರಲ್ಲಿ ಯಾರಿಗೂ ಸೇರದಂತಾಗಿ ಸೆಲ್ಲು ಮಿತಿಗಿಂತ ಕೆಳಗಿಳಿದು ಸಾಯುತ್ತದೆ. ಎರಡೂ ಕಂಪನಿಗಳ ವಾರಂಟಿಯೂ ಅಲ್ಲಿಗೆ ಮುಗಿಯುತ್ತದೆ. ಕುಟುಂಬ ಬದಲಿಸುವ ನಡುಗಾಲದಲ್ಲಿ ದೀಪ, ಫ್ಯಾನ್‌ನಂಥ ಹಗುರ ಬಳಕೆಗೆ ಅಡಾಪ್ಟರ್ ಸರಿ. ಗ್ರೈಂಡರ್‌ಗೆ ಖಂಡಿತ ಸಲ್ಲದು.

ಭಾರತದಲ್ಲಿ ಮಾರುವ ಲಿಥಿಯಂ ಸೆಲ್ ಮತ್ತು ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೊದ ಐಎಸ್ 16046 ಮಾನಕದಡಿ ನೋಂದಣಿ ಕಡ್ಡಾಯವಾಗಿದೆ. ಬ್ಯಾಟರಿಯ ಮೈಮೇಲೆ ಮಾನಕದ ಚಿಹ್ನೆ, 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಯಾವ ತಯಾರಕನದೆಂದು ತಿಳಿಯುತ್ತದೆ. ಅಂಗಡಿಯಲ್ಲಿ ನಿಂತು ಎರಡು ನಿಮಿಷ ವ್ಯಯಿಸಿದರೆ ಆಗುವ ಕೆಲಸ ಇದು.

ಬಿಲ್ಲು, ವಾರಂಟಿ, ದೂರ

ಒಂದು ಕುಟುಂಬವನ್ನು ಒಪ್ಪಿಕೊಳ್ಳುವ ಮುನ್ನ ಅಂಗಡಿಯವರನ್ನು ಕೇಳಬೇಕಾದ ಸಂಗತಿ, ದುರಸ್ತಿಗೆ ಯಂತ್ರ ಎಲ್ಲಿಗೆ ಹೋಗುತ್ತದೆ ಎಂಬುದು. ವಿಜಯಪುರದಲ್ಲಿಯೇ ಅಧಿಕೃತ ಸೇವಾ ಕೇಂದ್ರವಿದೆಯೇ, ಇಲ್ಲವಾದರೆ ಸೊಲ್ಲಾಪುರವೋ ಹುಬ್ಬಳ್ಳಿಯೋ ಬೆಂಗಳೂರೋ? ಯಂತ್ರ ಕಳುಹಿಸುವ ಖರ್ಚು ಯಾರದು, ಎಷ್ಟು ದಿನ? ಚಾಟ್ನಿಯ ನಡುವೆ ಮೂರು ವಾರ ಕತ್ತರಿ ಬೇರೆ ಊರಿನಲ್ಲಿದ್ದರೆ ಅದರ ವಾರಂಟಿಯಿಂದ ಬೆಳೆಗಾರನಿಗೆ ಪ್ರಯೋಜನವಿಲ್ಲ. ಎರಡು ಒಳ್ಳೆಯ ಕುಟುಂಬಗಳ ನಡುವೆ ತೀರ್ಮಾನ ಕಷ್ಟವಾದಾಗ ಹತ್ತಿರದ ಸೇವೆ ಉಳ್ಳದ್ದನ್ನೇ ಹಿಡಿಯಬೇಕು. ಜೊತೆಗೆ ಕೆಲಸ ಮಾಡುವ ಐದಾರು ಮಂದಿ ಯಾವ ಬ್ಯಾಟರಿ ಬಳಸುತ್ತಿದ್ದಾರೆ ಎಂಬುದೂ ಮುಖ್ಯ. ಕೆಲಸದ ಜಾಗದಲ್ಲಿ ಬ್ಯಾಟರಿ ಮುಗಿದಾಗ ಪಕ್ಕದವನಿಂದ ಪಡೆಯುವ ಒಂದು ಗಂಟೆಯ ಸಾಲ ಯಾವ ಜಾಹೀರಾತಿನಲ್ಲಿಯೂ ಇರುವುದಿಲ್ಲ.

ಯಂತ್ರಕ್ಕೆ ಒಂದು ವಾರಂಟಿ, ಬ್ಯಾಟರಿಗೆ ಮತ್ತೊಂದು ಇರುವುದುಂಟು. ಬ್ಯಾಟರಿಯದು ಹೆಚ್ಚಾಗಿ ಕಡಿಮೆ ಅವಧಿಯದು. ಕೊಂಡ ಕೆಲವು ವಾರಗಳೊಳಗೆ ಕಂಪನಿಯ ಜಾಲತಾಣದಲ್ಲಿ ನೋಂದಾಯಿಸಿದರೆ ಅವಧಿ ಹೆಚ್ಚಿಸುವ ಕಂಪನಿಗಳಿವೆ. ಯಂತ್ರದ ಕ್ರಮಸಂಖ್ಯೆ ಸಹಿತ ಜಿಎಸ್‌ಟಿ ಬಿಲ್ಲು ಇಲ್ಲದೆ ಇದಾವುದೂ ನಡೆಯದು. ಬಿಲ್ಲು ಬೇಡವೆಂದರೆ ಬೆಲೆ ಇಳಿಸುವ ವ್ಯವಹಾರದಲ್ಲಿ ಉಳಿಯುವ ಹಣಕ್ಕಿಂತ ಕಳೆದುಕೊಳ್ಳುವ ಹಕ್ಕು ದೊಡ್ಡದು. ವಂಚನೆಯಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಮೊರೆಹೋಗಲೂ ಅವಕಾಶವಿದೆ. ಅಲ್ಲಿಯೂ ಮೊದಲು ಕೇಳುವುದು ಬಿಲ್ಲನ್ನೇ.

ಸತ್ತ ಬ್ಯಾಟರಿ

ಸೀಸದ ಹಳೆಯ ಬ್ಯಾಟರಿಗೆ ಗುಜರಿಯವರು ಹಣ ಕೊಡುತ್ತಾರೆ, ಅದು ತಾನಾಗಿಯೇ ಮರುಬಳಕೆಗೆ ಹೋಗುತ್ತದೆ. ಲಿಥಿಯಂ ಬ್ಯಾಟರಿಗೆ ಅಂಥ ಗಿರಾಕಿ ಸುಲಭವಾಗಿ ಸಿಗದ ಕಾರಣ ಅದು ಕಸದ ಬುಟ್ಟಿಗೆ, ಅಲ್ಲಿಂದ ಪಾಲಿಕೆಯ ಕಸದ ಗಾಡಿಗೆ ಹೋಗುತ್ತದೆ. ಗಾಡಿಯೊಳಗೆ ಜಜ್ಜಿದಾಗ ಅದು ಹೊತ್ತಿಕೊಳ್ಳಬಲ್ಲದು. ಕೇಂದ್ರ ಪರಿಸರ ಸಚಿವಾಲಯ 2022ರ ಆಗಸ್ಟ್‌ನಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳ ಸಂಗ್ರಹಣೆ ಹಾಗೂ ಮರುಬಳಕೆಯ ಹೊಣೆ ತಯಾರಕರದು, ಆಮದುದಾರರದು. ಬ್ಯಾಟರಿಯನ್ನು ಇತರ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವುದು ಬಳಕೆದಾರನ ಕರ್ತವ್ಯವೆಂದೂ ನಿಯಮ ಹೇಳುತ್ತದೆ. ಎರಡೂ ತುದಿಗಳಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಹೊಸ ಬ್ಯಾಟರಿ ಕೊಳ್ಳಲು ಹೋದಾಗ ಹಳೆಯದನ್ನು ಅದೇ ಕಂಪನಿಯ ಸೇವಾ ಕೇಂದ್ರಕ್ಕೆ ಒಪ್ಪಿಸುವುದು ಸುಲಭದ ದಾರಿ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಮತ್ತೆ ಚಾರ್ಜಿಗೆ ಹಾಕದೆ, ಮನೆಯೊಳಗೂ ಇಡದೆ, ಒಪ್ಪಿಸುವ ತನಕ ಹೊರಗೆ ಮರಳು ತುಂಬಿದ ಡಬ್ಬಿಯಲ್ಲಿ ನೆರಳಿಗೆ ಇಡಬೇಕು.